ಎಲೆ ಮೊದಲು ಮುಗಿಯಿತು

೧೯೬೬ರಲ್ಲಿ ನಾನು ಪಿಯುಸಿಯ ರಸಾಯನಶಾಸ್ತ್ರದಲ್ಲಿ ಫೇಲಾದೆ. ಸೆಪ್ಟೆಂಬರಿನಲ್ಲಿ ಇನ್ನೊಂದು ಪರೀಕ್ಷೆ ಇತ್ತು. ಅದರಲ್ಲೂ ಹೋದರೆ ಓದಿದ್ದು ಸಾಕು, ಮನೆಯಲ್ಲಿ ಕೂತು ಬೀಡಿ ಕಟ್ಟು ಎಂದು ಅಪ್ಪ ಹೇಳಿಬಿಟ್ಟಿದ್ದರು.

ನನ್ನನ್ನು ಕೆಡಿಸಿದ್ದು ಒಂದೇ ಬಗೆಯ ಲೆಕ್ಕ. ಎರಡು ವಸ್ತು ಸೇರಿ ಮೂರನೆಯದಾಗುತ್ತದೆ. ಯಾವುದು ಮೊದಲು ಮುಗಿಯುತ್ತದೆ, ಹೊಸದು ಎಷ್ಟು ಸಿಗುತ್ತದೆ? ತೂಕ ಕಡಿಮೆ ಇರುವುದೇ ಮುಗಿಯುತ್ತದೆಂದು ನಾನು ಕಣ್ಣುಮುಚ್ಚಿ ಬರೆಯುತ್ತಿದ್ದೆ.

ಪರೀಕ್ಷೆಗೆ ಎರಡು ದಿನ ಇರುವಾಗ, ಸಿದ್ಧಕಟ್ಟೆಯ ನಮ್ಮ ನೆರೆಮನೆಯ ನೀಲಾವತಿಯಕ್ಕನ ಜಗಲಿಯಲ್ಲಿ ಓದುತ್ತಿದ್ದೆ. ಅಕ್ಕ ಎಲೆ, ಹೊಗೆಸೊಪ್ಪು ತುಂಬಿದ ಮೊರದಂಥ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು.

"ಎಂತ ಮಾರಾಯ್ತಿ, ಬರೆದದ್ದನ್ನೇ ಹೊಡೆದು ಹಾಕ್ತಾ ಇದ್ದಿ?"

"ನಾಲ್ಕು ಗ್ರಾಂ ಹೈಡ್ರೋಜನ್, ಹದಿನಾರು ಗ್ರಾಂ ಆಕ್ಸಿಜನ್ ಅಕ್ಕ. ಹೈಡ್ರೋಜನ್ ಮುಗಿದು ಮೂವತ್ತಾರು ಗ್ರಾಂ ನೀರು ಬರ್ತದೆ. ಪುಸ್ತಕದಲ್ಲಿ ಹದಿನೆಂಟು ಅಂತ ಉಂಟು."

"ಇಪ್ಪತ್ತು ಹಾಕಿ ಮೂವತ್ತಾರು ತೆಗೆಯುವುದಾ? ಎಲೆ, ಹೊಗೆಸೊಪ್ಪು ತೂಗಿ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಡೊಂಬಯ್ಯನಿಗೆ ಹೇಳಬೇಕು, ನಾಳೆಯೇ ನಿನ್ನನ್ನು ಕೆಲಸಕ್ಕೆ ಇಟ್ಟುಕೊಳ್ತಾನೆ!" ಅಕ್ಕ ಗೆರಸೆಯನ್ನು ನನ್ನ ಕಡೆ ತಿರುಗಿಸಿದರು. "ಇವತ್ತು ಅವನು ಕೊಟ್ಟದ್ದು ಒಂದೂವರೆ ಕಿಲೋ ಎಲೆ, ಮುಕ್ಕಾಲು ಕಿಲೋ ಹೊಗೆಸೊಪ್ಪು. ಮೊದಲು ಯಾವುದು ಮುಗೀತದೆ?"

"ಹೊಗೆಸೊಪ್ಪು."

"ಮಂಡೆ ಉಂಟಾ ನಿನಗೆ? ಸಾವಿರ ಬೀಡಿಗೆ ಎಲೆ ಮುಕ್ಕಾಲು ಕಿಲೋ ಬೇಕು, ಹೊಗೆಸೊಪ್ಪು ಕಾಲು ಕಿಲೋ ಸಾಕು. ಎಲೆ ಎರಡು ಸಾವಿರಕ್ಕೆ ಮಾತ್ರ ಉಂಟು, ಹೊಗೆಸೊಪ್ಪು ಮೂರು ಸಾವಿರಕ್ಕೆ. ಎಲೆ ಮುಗಿದ ಮೇಲೆ ಎಂತದರಲ್ಲಿ ಸುತ್ತುವುದು, ನಿನ್ನ ಪುಸ್ತಕದ ಹಾಳೆಯಲ್ಲಾ?"

ನನ್ನ ಪೆನ್ಸಿಲ್ ನಿಂತಿತು. ನೋಡಬೇಕಾದ್ದು ಎಷ್ಟಿದೆ ಎಂದಲ್ಲ, ಇರುವುದು ಎಷ್ಟಕ್ಕೆ ಸಾಲುತ್ತದೆ ಎಂದು! ಎರಡು ಗ್ರಾಂ ಹೈಡ್ರೋಜನಿಗೇ ಹದಿನಾರು ಗ್ರಾಂ ಆಕ್ಸಿಜನ್ ಬೇಕು. ಅಲ್ಲಿಗೆ ಆಕ್ಸಿಜನ್ ಖಾಲಿ. ಎರಡೂ ಸೇರಿ ಹದಿನೆಂಟು ಗ್ರಾಂ ನೀರು, ಉಳಿದ ಹೈಡ್ರೋಜನ್ ಸುಮ್ಮನೆ ಕೂತಿರುತ್ತದೆ.

"ಅಕ್ಕಾ, ಆಕ್ಸಿಜನ್ನೇ ಎಲೆ!"

"ಆಯ್ತು, ಬೊಬ್ಬೆ ಹಾಕಬೇಡ. ನೂಲು ಇತ್ತ ಕೊಡು."

ಮೂಡುಬಿದಿರೆಯಲ್ಲಿ ಪರೀಕ್ಷೆ ಬರೆದು ಬಸ್ಸಿಳಿದು ಬರುವಾಗ ಅಕ್ಕ ಜಗಲಿಯಿಂದಲೇ ಕೂಗಿದರು. "ಬಂತಾ ನಿನ್ನ ಲೆಕ್ಕ?"

"ಬಂತು! ನಾಲ್ಕು ಗ್ರಾಂ ಹೈಡ್ರೋಜನ್, ಎಪ್ಪತ್ತೊಂದು ಗ್ರಾಂ ಕ್ಲೋರಿನ್. ಈ ಸಲ ಕ್ಲೋರಿನ್ ಎಲೆ. ಎರಡು ಗ್ರಾಂ ಹೈಡ್ರೋಜನ್ ಉಳೀತು."

"ಉಳಿದದ್ದನ್ನು ವಾಪಸ್ ಕೊಟ್ಟು ಬಂದಿಯಷ್ಟೆ?"

ತಿಂಗಳ ಮೇಲೆ ಫಲಿತಾಂಶದ ಕಾಗದ ಬಂತು. ನಲವತ್ತೊಂದು ಅಂಕ, ಪಾಸು. ಅಪ್ಪ ಅದನ್ನು ಎರಡು ಸಲ ಓದಿ ಮಡಚಿ ಜೇಬಿಗೆ ಹಾಕಿದರು. ನನ್ನ ಮುಖ ನೋಡದೆ, "ಜೂನಿನಲ್ಲಿ ಕಾಲೇಜಿಗೆ ಹೋಗುವಾಗ ನಿನಗೊಂದು ಹೊಸ ಕೊಡೆ ಬೇಕಾದೀತು" ಎಂದರು.

ಮಾತು ಮುಗಿಯುವಷ್ಟರಲ್ಲಿ ನಾನು ನೀಲಾವತಿಯಕ್ಕನ ಜಗಲಿಗೆ ಓಡಿದ್ದೆ.