ಗಿಳಿ ಕುಡಿದ ಶರಬತ್ತು

ನಾಶಿಕದ ವಾಡೆಯ ಅಟ್ಟದಿಂದ ಇಳಿಸಿದ ಪೆಟ್ಟಿಗೆಯನ್ನು ಉತ್ಕರ್ಷ ತೆರೆದಾಗ ಮೊದಲು ಇಣುಕಿದ್ದು ಮಧ್ಯಾಹ್ನದ ಬಿಸಿಲು. ಒಣಹುಲ್ಲಿನಲ್ಲಿ ಮಲಗಿದ್ದ ಗಾಜಿನ ಲೋಟಗಳಿಗೆ ಎಚ್ಚರವಾಯಿತು. ಗೋಡೆಯ ತುಂಬ ಹೊನ್ನಿನ ಮೀನುಗಳು ಈಜಾಡಿದವು.

ಈ ಮನೆತನದ ಸರದಾರರ ಕಾಲದಲ್ಲಿ ಬೆಲ್ಜಿಯಮ್ಮಿನಿಂದ ಮಾಡಿಸಿ ತರಿಸಿದವು. ಅಂಚಿಗೆ ಬಂಗಾರ, ಮೈಮೇಲೆ ಒಂದೊಂದು ಬಂಗಾರದ ಹಕ್ಕಿ. ಮನೆಯ ಒಬ್ಬೊಬ್ಬರಿಗೂ ಅವರದೇ ಹಕ್ಕಿ. ಗೋದಾವರಿ ಕಾಕೂಗೆ ಗಿಳಿ, ಗಂಡ ನರಹರಿರಾಯರಿಗೆ ನವಿಲು.

ನಾನು ಔರಂಗಾಬಾದಿನಲ್ಲಿ ಕಾಕೂ ಮನೆಯ ಬಾಡಿಗೆದಾರ, ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನವ. ಅವರಿಗೆ ಜೊತೆಯಾಗಿ ಬಂದಿದ್ದೆ. ಬರುವಾಗ ಬಸ್ಸಿನಲ್ಲಿ ಅವರನ್ನು ನಗಿಸಲು ಕಂಡಕ್ಟರನ ದನಿ ತೆಗೆದೆ. "ಕಾಕೂ, ನಾಶಿಕದಾಗ ಇನ್ನ ಹೊಳಿ ಒಂದು, ನೀವೊಂದು, ಎರಡು ಗೋದಾವರಿ, ಮಹಾಪೂರನ ಬರ್ತದ!" ಎಂದೆ. ಕಾಕೂ ನಗಲಿಲ್ಲ. ಗಂಡನ ಮನೆತನದ ಆ ವಾಡೆ ಮಾರಾಟವಾಗಿತ್ತು. ಹೋದ ವರ್ಷ ತೀರಿಕೊಂಡ ರಾಯರ ಗುರುತು ಅಂತ ಕಾಕೂಗೆ ಒಂದು ಲೋಟ ಬೇಕಿತ್ತು, ಅಷ್ಟೇ.

"ಒಂದ ತಗೋರಿ ಕಾಕೂ. ಬಾಕೀ ಎಲ್ಲಾ ಮ್ಯೂಸಿಯಮ್‌ಗೆ," ಎಂದ ಕಾಕೂ ಅವರ ಮೈದುನನ ಮಗ ಉತ್ಕರ್ಷ, ಮೊಬೈಲಿನಿಂದ ಫೋಟೋ ತೆಗೆಯುತ್ತ.

"ನವಿಲು ಕೊಡಪಾ. ಅವರದು."

ಕಾಕೂ ಅದನ್ನು ಬೆಳಕಿಗೆ ಹಿಡಿದರು. ಅಂಚು ನಿನ್ನೆ ಬಳಿದಂತಿತ್ತು. ಆ ಮನೆಯಲ್ಲಿ ಎಲ್ಲರೂ ಎತ್ತಿ ಕುಡಿಯುವವರು. ತುಟಿ ತಾಗಿದರೆ ಎಂಜಲು. ಕಾಕೂ ಅಂಚಿನ ಸುತ್ತ ಬೆರಳಾಡಿಸಿದರು. ನುಣ್ಣಗೆ, ತಣ್ಣಗೆ.

"ಇದರಾಗ ಅವರು ಇಲ್ಲೇ ಇಲ್ಲಲ್ಲೋ," ಎಂದರು ಮೆಲ್ಲಗೆ.

"ಈ ಗಿಳಿ ಒಂದ ಖರಾಬ್ ಆಗೇದ ನೋಡ್ರಿ," ಎಂದ ಉತ್ಕರ್ಷ. ಅದರ ಅಂಚಿನಲ್ಲಿ ಒಂದು ಕಡೆ ಮಾತ್ರ, ಎರಡು ಬೆರಳಗಲ, ಬಂಗಾರ ಸವೆದು ಬರೀ ಗಾಜು ಉಳಿದಿತ್ತು.

"ನಂದಾ? ನಾ ಎಂದೂ ತುಟಿ ಹಚ್ಚಿಲ್ಲೋ!"

"ಹಂಗಾರ ಯಾರು ಹಚ್ಚಿದ್ರು, ಕಾಕೂ?" ಎಂದೆ.

ಕಾಕೂ ಗಿಳಿಯ ಲೋಟವನ್ನು ಬಿಸಿಲಿಗೆ ತಿರುಗಿಸಿದರು. ಅವರ ಕೆನ್ನೆಯ ಮೇಲೊಂದು ಹೊನ್ನಿನ ಮೀನು ಬಂದು ನಿಂತಿತು.

"ಬ್ಯಾಸಗ್ಯಾಗ ನನ್ನ ಪಾಲಿನ ಶರಬತ್ತು ಕಟ್ಟಿ ಮ್ಯಾಲಿಟ್ಟು ಒಳಗ ಹೋಗ್ತಿದ್ದೆ. ಬರೂದ್ರಾಗ ಅರ್ಧಾ ಖಾಲಿ. ಕೇಳಿದ್ರ..." ಕಾಕೂ ದನಿ ದಪ್ಪ ಮಾಡಿದರು, "'ನಿನ್ನ ಗಿಳೀನ ಕುಡೀತಲ್ಲಽ. ಬೇಕಾದ್ರ ನನ್ನ ನವಿಲಿಗೆ ಕೇಳು!'"

ರಾಯರೇ ಪಡಸಾಲೆಗೆ ಬಂದು ಹೋದಂತಾಯಿತು. ಅದರ ಮುಂದೆ ನನ್ನ ಕಂಡಕ್ಟರನ ಮಿಮಿಕ್ರಿ ಸಪ್ಪೆಯಾಯಿತು.

ನವಿಲು ಹುಲ್ಲಿಗೆ ಮರಳಿತು. ಕಾಕೂ ತಂಬಿಗೆಯಿಂದ ಗಿಳಿಯ ಲೋಟಕ್ಕೆ ನೀರು ಬಗ್ಗಿಸಿ, ಬಂಗಾರ ಸವೆದ ಜಾಗ ಹುಡುಕಿ, ಅಲ್ಲೇ ತುಟಿ ಹಚ್ಚಿದರು.

"ಅಯ್ಯ ಕಾಕೂ, ಎಂಜಲಾತು!" ಎಂದ ಉತ್ಕರ್ಷ.

"ಇರಲಿ ಬಿಡಪಾ," ಎಂದರು, ಗುಟುಕು ನುಂಗಿ. "ಯಾವಾಗೋ ಆಗೇದ."