ತಲೆ ತಟ್ಟಿದರೆ ಕೈ ಎತ್ತಬೇಕು

ಕನ್ನಡಕದ ಅಂಗಡಿ ಇಟ್ಟುಕೊಂಡವನಿಗೆ "ಕಾಣಿಸಲಿಲ್ಲ" ಅನ್ನುವುದನ್ನು ಬಿಟ್ಟು ಬೇರೆ ನೆಪ ಹೊಳೆಯಬಾರದಿತ್ತೇ? ಆದರೆ ಭಾವನನ್ನು ದಡದ ಕಲ್ಲುಗಳ ಮೇಲಿಂದ ಎಬ್ಬಿಸುವಾಗ ಅವನ ಬಾಯಿಗೆ ಬಂದದ್ದು ಅದೇ. "ಬಿಸಿಲು ಕಣ್ಣಿಗೇ ಹೊಡೀತಿತ್ತು ಭಾವ, ನೀವು ಕಾಣಿಸ್ಲೇ ಇಲ್ಲ." ಅಕ್ಕನ ಗಂಡ, ಪಾಪ, ಹೆಗಲ ಮೂಳೆ ಮುರಿದುಕೊಂಡು ನರಳುತ್ತಲೇ "ಹೋಗ್ಲಿ ಬಿಡೋ" ಅಂದಿದ್ದರು.

ಆಚೆ ದಡ ಕಾಣದಷ್ಟು ದೊಡ್ಡ ಸರೋವರ ಅದು. ಗಾಳಿ ಎದ್ದ ದಿನ ಜನ ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಸೊಂಟದ ಪಟ್ಟಿಗೆ ಕೋಣೆಯಗಲದ ಗಾಳಿಪಟ ಬಿಗಿದುಕೊಂಡು ನೀರಿನ ಮೇಲೆ ಹಾರಾಡುತ್ತಾರೆ. ಕೈಟ್‌ಬೋರ್ಡಿಂಗ್ ಅನ್ನುತ್ತಾರೆ ಅದಕ್ಕೆ. ಹಾರುವುದು ಹೇಗೋ ಆಗುತ್ತದೆ, ಇಳಿಯುವುದಕ್ಕೆ ಇನ್ನೊಬ್ಬರು ಬೇಕು. ದಡಕ್ಕೆ ಬಂದವನು ಅಂಗೈಯಿಂದ ತಲೆ ತಟ್ಟಿಕೊಂಡರೆ "ನನ್ನ ಪಟ ಹಿಡಿ" ಎಂದರ್ಥ. ನೋಡಿದವನು ಕೈ ಎತ್ತಿ ತೋರಿಸಬೇಕು, ಓಡಿ ಹೋಗಿ ಹಿಡಿಯಬೇಕು. ತಮ್ಮತಮ್ಮಲ್ಲಿ ಮಾತು ಬಿಟ್ಟವರಾದರೂ ಸರಿಯೇ, ಹಿಡಿಯಲೇಬೇಕು. ಇದನ್ನು ಅವನಿಗೆ ಕಲಿಸಿದವರೇ ಭಾವ.

ಅವತ್ತು ಬೆಳಿಗ್ಗೆ ಅವನು ಗಾಳಿಗೆ ಸಿಕ್ಕಿ ದಡದ ಬೇಲಿಗೆ ಹೋಗಿ ತಗಲಿಕೊಂಡಿದ್ದ. ಭಾವ ಅದನ್ನು ಕಾಫಿ ಕುಡಿಯುತ್ತಿದ್ದವರ ಮುಂದೆ ಉಪ್ಪು ಖಾರ ಹಚ್ಚಿ ಅಭಿನಯಿಸಿ ತೋರಿಸಿದರು. "ನಮ್ಮ ಭಾವಮೈದ ಇಲ್ಲಿಗೆ ಹಾರೋಕೆ ಬರಲ್ಲ, ಒಣಗೋಕೆ ಬರ್ತಾನೆ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ಹಲ್ಲು ಕಿರಿದ. ಒಳಗೆ ಮಾತ್ರ ಕುದಿಯುತ್ತಿದ್ದ.

ಮಧ್ಯಾಹ್ನ ದಡದಲ್ಲಿ ಅವನೊಬ್ಬನೇ ಇದ್ದಾಗ ಭಾವ ನೀರಿನಿಂದ ಮೇಲೆ ಬಂದರು, ತಲೆ ತಟ್ಟಿಕೊಂಡರು. ಅವನು ನೋಡಿದ. ಚೆನ್ನಾಗಿಯೇ ನೋಡಿದ. ನೋಡಿ, ಬೆನ್ನು ತಿರುಗಿಸಿ, ಬಗ್ಗಿ ತನ್ನ ಹಲಗೆಯ ಪಟ್ಟಿ ಬಿಗಿಮಾಡುತ್ತ ಕೂತ. ಸ್ವಲ್ಪ ಕಾಯಲಿ, ಮಹಾರಾಯ! ಅಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಗಾಳಿ ಯಾರ ಮುನಿಸಿಗೆ ಕಾಯುತ್ತದೆ? ಒಮ್ಮೆಲೇ ರಭಸದಿಂದ ಬೀಸಿ, ಪಟದ ಸಮೇತ ಭಾವನನ್ನು ಮೇಲಕ್ಕೆತ್ತಿ ಕಲ್ಲುಗಳ ಮೇಲೆ ಒಗೆಯಿತು. ಮೂಳೆ ಮುರಿದ ಸದ್ದು ಅವನಿಗೆ ಬೆನ್ನ ಹಿಂದಿನಿಂದ ಕೇಳಿಸಿತು.

ಅದಾಗಿ ಒಂದು ವಾರಕ್ಕೆ ಅಕ್ಕ, ಭಾವ ಇಬ್ಬರೂ ಅಂಗಡಿಗೆ ಬಂದರು. ಭಾವನ ಕೈ ಬಟ್ಟೆಯ ಜೋಲಿಯಲ್ಲಿ ಕೊರಳಿಗೆ ನೇತಾಡುತ್ತಿತ್ತು. ಅಕ್ಕನ ಕಣ್ಣು ನಿದ್ದೆಗೆಟ್ಟು ಊದಿತ್ತು.

"ಕೂತ್ಕೋ ಆ ಕುರ್ಚಿ ಮೇಲೆ," ಅಂದಳು ಅಕ್ಕ. "ಊರಿನವರ ಕಣ್ಣೆಲ್ಲ ನೋಡ್ತೀಯ, ಮೊದ್ಲು ನಿಂದು ನೋಡ್ಕೋ."

"ನನಗೇನಾಗಿದೆ ಅಕ್ಕಾ?"

"ಎದುರಿಗೆ ನಿಂತವರು ಕಾಣ್ಲಿಲ್ಲ ಅಂದ್ರೆ ಏನರ್ಥ? ಅಪ್ಪನಿಗೂ ಹೀಗೇ ಅಲ್ವೇನೋ ಶುರುವಾಗಿದ್ದು? ಬಿಸಿಲು, ಬಿಸಿಲು ಅಂತಲೇ ಅಂತಿದ್ರು."

ಅಪ್ಪ ಕೊನೆಗಾಲದಲ್ಲಿ ಕಣ್ಣು ಹೋಗಿ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು. ಅವರ ಕೈ ಹಿಡಿದು ನಡೆಸಿದವಳು ಅಕ್ಕನೇ. ತಾನು ಆಡಿದ ಒಂದು ಸುಳ್ಳು ಅವಳನ್ನು ವಾರವಿಡೀ ಆ ಬಚ್ಚಲ ಬಾಗಿಲಲ್ಲಿ ನಿಲ್ಲಿಸಿದೆ ಎಂದು ತಿಳಿದಾಗ ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಹೋಗಿ ಕುರ್ಚಿಯ ಮೇಲೆ ಕೂತ.

ಅಕ್ಕ ಗೋಡೆಯ ಮೇಲಿನ ಅಕ್ಷರದ ಬೋರ್ಡಿನ ಕಡೆ ಬೆರಳು ಮಾಡಿದಳು. ಭಾವ ನಕ್ಕುಬಿಟ್ಟರು. "ಅದು ಅವನಿಗೆ ಬಾಯಿಪಾಠ ಕಣೇ, ನಿದ್ದೆಯಲ್ಲೂ ಒಪ್ಪಿಸ್ತಾನೆ. ತಾಳು, ನಾನು ನೋಡ್ತೀನಿ." ಒಂಟಿ ಕೈಯಲ್ಲೇ ಚೀಲದಿಂದ ಹೊಸ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡರು. ಕಣ್ಣು ಕುಕ್ಕುವ ಕಿತ್ತಳೆ ಬಣ್ಣ. "ನಂದೂ ತಪ್ಪಿದೆ ಕಣೋ. ನೀರಿನ ಬಣ್ಣದ ಟೋಪಿ ಹಾಕ್ಕೊಂಡು ಬಂದ್ರೆ ಯಾರಿಗೆ ತಾನೇ ಕಾಣುತ್ತೆ? ನಿನಗೋಸ್ಕರ ಹುಡುಕಿ ತಂದೆ."

ಹಾಗೆಂದು ಬೀದಿ ದಾಟಿ ಎದುರಿನ ಇಸ್ತ್ರಿ ಅಂಗಡಿಯ ಮುಂದೆ ನಿಂತರು. ಹೋಗಿಬರುವವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅದಾವುದನ್ನೂ ಲೆಕ್ಕಕ್ಕಿಡದೆ ಭಾವ ಅಂಗೈ ಎತ್ತಿ ತಲೆ ತಟ್ಟಿಕೊಂಡರು.

ಅವನಿಗೆ ಎಲ್ಲವೂ ಕಂಡಿತು. ಜೋಲಿಯ ಗಂಟು, ಗಂಟಿನ ಬಳಿ ಅಂಟಿದ್ದ ಮುಲಾಮಿನ ಕಲೆ, ಒಳ್ಳೆಯ ಕೈ ಎತ್ತಿದರೂ ನೋವಿಗೆ ಮುದುಡಿದ ಮುಖ, ಆ ಮುಖದ ಮೇಲೆಯೇ ಅರಳಿದ ನಗು.

ಅಕ್ಕ ಅವನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು: "ಕಾಣ್ತಿದಾರೇನೋ?"

"ಕಾಣ್ತಿದಾರೆ. ಅವತ್ತೂ ಕಾಣಿಸಿದ್ರು ಅಕ್ಕಾ. ನೋಡೇ ಬೆನ್ನು ತಿರುಗಿಸಿದೆ."

ಹೆಗಲ ಮೇಲಿದ್ದ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಸರಿಯಿತು. ಅಕ್ಕ ಬೈದಿದ್ದರೆ ಚೆನ್ನಾಗಿತ್ತು.

ಬೀದಿಯಾಚೆ ಭಾವನಿಗೆ ಇದು ಯಾವುದೂ ಕೇಳಿಸುವಂತಿರಲಿಲ್ಲ. ಅವನು ಕೈ ಎತ್ತುವುದನ್ನೇ ಕಾಯುತ್ತಿದ್ದರು. ಅವನು ಎತ್ತಲಿಲ್ಲ, ಯಾವ ಮುಖ ಇಟ್ಟುಕೊಂಡು ಎತ್ತುವುದು? ಪಾಪ, ಇನ್ನೂ ಕಾಣಿಸಲಿಲ್ಲವೇನೋ ಅಂದುಕೊಂಡು ಭಾವ ಒಂದು ಹೆಜ್ಜೆ ಹತ್ತಿರ ಬಂದು, ಮತ್ತೆ ತಲೆ ತಟ್ಟಿಕೊಂಡರು.