ಕಾದಂಬರಿಯಲ್ಲಿ ಇಲ್ಲದ ಹೆಂಗಸು

ಓಗಿನೊ ಮೇಷ್ಟ್ರ ಹೊಸ ಕಾದಂಬರಿಯಲ್ಲಿ ಒಂದು ಚಳಿಗಾಲ ಪೂರ್ತಿ ನಾಯಕನ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಓದಿದ ಕಿನುಯೊಗೆ ಮೈಯೆಲ್ಲ ಉರಿದುಹೋಯಿತು. ಆ ಚಳಿಗಾಲದಲ್ಲಿ ವಾರ ತಪ್ಪದೆ ಆ ಬಾಗಿಲು ತಟ್ಟಿದವಳು ಅವಳೇ.

ನಾಯಕನಿಗೆ ಹೆಸರಿಲ್ಲ, ಬರೀ 'ನಾನು'. ಆದರೆ ತಾಮಾ ಗುಡ್ಡದ ಮೇಲಿನ ಐದಂತಸ್ತಿನ ಹಳೆಯ ವಸತಿ ಕಟ್ಟಡ, ಲಿಫ್ಟಿಲ್ಲದ ಮೆಟ್ಟಿಲು, ನಾಲ್ಕನೇ ಅಂತಸ್ತಿನ ಮನೆ, ಕೆಮ್ಮು, ಬಿಟ್ಟುಹೋದ ಹೆಂಡತಿ, ಕೊನೆಯ ಪುಟದ ಸಾವೊಂದನ್ನು ಬಿಟ್ಟರೆ ಎಲ್ಲವೂ ಮೇಷ್ಟ್ರದೇ. ಜಪಾನಿನಲ್ಲಿ ಬರಹಗಾರ 'ನಾನು' ಎಂದು ಬರೆದನೆಂದರೆ ಮುಗಿಯಿತು, ಅದು ಅವನದೇ ಬದುಕೆಂದು ಓದುವುದು ಅಜ್ಜಂದಿರ ಕಾಲದಿಂದ ಬಂದ ರೂಢಿ.

ಕಿನುಯೊ ಬುತ್ತಿ ಕಟ್ಟುವ ಕಾರ್ಖಾನೆಯಿಂದ ನಿವೃತ್ತಳಾದವಳು. ಅಲ್ಲಿದ್ದಾಗಲೇ ಊಟದ ಬಿಡುವಿನಲ್ಲಿ ಹೆಂಗಸರ ಓದುಬಳಗ ಸೇರಿ, ಹೊಳೆಗೆ ಹಾರುವ, ಊರೂರು ಅಲೆದು ಕೊಳೆಯುವ, ಕನ್ನಡಿಯಲ್ಲಿ ತನ್ನ ಮುಖವನ್ನೇ ಗುರುತು ಹಿಡಿಯಲಾರದ ಎಷ್ಟೋ ನಾಯಕರಿಗಾಗಿ ಕಣ್ಣೀರು ಹಾಕಿದ್ದಳು. ಪ್ರತಿ ಸಲವೂ ಅವಳ ಪ್ರಶ್ನೆ ಒಂದೇ: ಇವನ ಪಕ್ಕದ ಮನೆಯಲ್ಲಿ ಯಾರೂ ಇರಲಿಲ್ಲವೇ? ಒಂದು ಬಟ್ಟಲು ಬಿಸಿ ಸಾರು ತಂದುಕೊಡುವಷ್ಟು ಪುರುಸೊತ್ತು ಆ ಊರಿನಲ್ಲಿ ಯಾರಿಗೂ ಇರಲಿಲ್ಲವೇ?

ಈಗ ಆ 'ಯಾರೂ ಇಲ್ಲ' ಎಂಬುದು ಅವಳೇ ಆಗಿದ್ದಳು.

ಓದುಬಳಗದ ಗೆಳತಿ ಫುಸಾಎ ಪುಸ್ತಕ ಮುಚ್ಚಿಟ್ಟು ಕಣ್ಣು ಮಿಟುಕಿಸಿದಳು. "ಅಲ್ಲ ಕಣೇ, ವಾರವಾರ ಪಾತ್ರೆ ಹೊತ್ಕೊಂಡು ಮೆಟ್ಟಿಲು ಹತ್ತುತಿದ್ದೆಯಲ್ಲ, ಯಾರ ಮನೆಗೆ ಹೋಗ್ತಿದ್ದೆ? ದೆವ್ವದ ಮನೆಗಾ?"

"ಪುಟ ಪುಟ ಹುಡುಕಿದೀನಿ ಫುಸಾಎ. ಹಿಂದಿನ ಕಟ್ಟಡದ ಆ ಕುಂಟ ಬೆಕ್ಕಿದೆಯಲ್ಲ, ಅದಕ್ಕೆ ಎರಡು ಪುಟ! ನನಗೆ ಒಂದು ಸಾಲಿಲ್ಲ. ನನ್ನ ಮೂಲಂಗಿ ಸಾರಿಗೂ ಇಲ್ಲ."

"ಬೆಕ್ಕು ಬಾಯಿ ಮಾಡಲ್ಲ, ಅದಕ್ಕೇ ಇರಬೇಕು."

ಇಷ್ಟಕ್ಕೇ ನಿಂತಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಪುಸ್ತಕಕ್ಕೆ ಬಹುಮಾನ ಬಂತು. ಪತ್ರಿಕೆಗಳು ಮೇಷ್ಟ್ರಿದ್ದ ಏಳನೇ ಕಟ್ಟಡದ ಜನರ ಎದೆ ಕಲ್ಲಾಗಿದೆ ಎಂದು ಬರೆದವು. ಗುಡ್ಡದ ಚಿಕಿತ್ಸಾಲಯ ಮುಚ್ಚಿದಾಗ, ಬಸ್ಸು ನಿಂತಾಗ, ಕಾವಲುಗಾರನನ್ನು ತೆಗೆದುಹಾಕಿದಾಗ ಇದೇ ಜನ ವಸತಿ ನಿಗಮಕ್ಕೆ ಅರ್ಜಿ ಕೊಟ್ಟು ಕೊಟ್ಟು ಸೋತಿದ್ದರು. ನಿಗಮದವನೊಬ್ಬನೂ ಗುಡ್ಡ ಹತ್ತಿ ಬಂದಿರಲಿಲ್ಲ. ಕಾದಂಬರಿ ಬಂದ ಮೇಲೆ ಬಂದರು. ಬಸ್ಸಿನಲ್ಲಲ್ಲ, ತಮ್ಮ ಕಾರಿನಲ್ಲಿ. ಲಿಫ್ಟು ತರಲಿಲ್ಲ, ಭಿತ್ತಿಪತ್ರ ತಂದರು: 'ನೆರೆಯವರಿಗೆ ದಿನಕ್ಕೊಂದು ನಮಸ್ಕಾರ!' ಉಸಿರು ಕಟ್ಟಿ ಮೆಟ್ಟಿಲ ಮೇಲೆ ಕೂತ ಮುದುಕರ ತಲೆಯ ಮೇಲೆ ಅದನ್ನೇ ಅಂಟಿಸಿ ಹೋದರು.

ನಿವಾಸಿಗಳ ಸಂಘದ ಅಧ್ಯಕ್ಷ ನಗಾತಾನಿ ಕಿನುಯೊ ಮನೆಗೆ ಬಂದ. "ಈ ವರ್ಷ ಏಳನೇ ಕಟ್ಟಡದ ಹೊಣೆ ನಿಮ್ಮ ಪಾಳಿ. ಒಂದು ಡಬ್ಬಿ ಸಿಹಿ ತಗೊಂಡು ಹೋಗಿ ಮೇಷ್ಟ್ರ ಹತ್ರ ಕ್ಷಮೆ ಕೇಳ್ಬೇಕು. ನಿಗಮದವರೂ ಬರ್ತಾರೆ."

"ಯಾವುದಕ್ಕೆ ಕ್ಷಮೆ?"

"ಹೋಗಿ ವಿಚಾರಿಸದೆ ಇದ್ದಿದ್ದಕ್ಕೆ."

"ಹೋಗಿದ್ದೆ."

"ಪುಸ್ತಕದಲ್ಲಿ ಹಾಗಿಲ್ವಲ್ಲ."

"ಅಧ್ಯಕ್ಷರೇ, ನೀವೇ ನನ್ನನ್ನ ಮೆಟ್ಟಿಲ ಮೇಲೆ ನೋಡಿ, 'ಏನು ಘಮಘಮ ಅಂತಿದೆ' ಅಂತ ಮುಚ್ಚಳ ತೆಗೆದಿರಲಿಲ್ವಾ?"

ನಗಾತಾನಿ ಕುತ್ತಿಗೆ ಕೆರೆದುಕೊಂಡ. "ಹೋಗಿದ್ರೂ ಒಂದು ಕ್ಷಮೆ ಕೇಳಿದ್ರೆ ನಿಮ್ಮ ಗಂಟೇನಮ್ಮ ಹೋಗುತ್ತೆ?"

ಹೋಗುತ್ತಿತ್ತು. ಒಮ್ಮೆ ತಲೆ ಬಾಗಿಸಿದರೆ, ತಾನು ಹತ್ತಿದ ಮೆಟ್ಟಿಲೆಲ್ಲ ಅಳಿಸಿಹೋಗುತ್ತಿತ್ತು. ಅವಳಿಗೆ ಬೇಕಿದ್ದದ್ದು ಒಂದೇ ಮಾತು. 'ಈಕೆ ಬರುತ್ತಿದ್ದಳು' ಎಂದು ಮೇಷ್ಟ್ರು ತಮ್ಮ ಬಾಯಿಂದ ಹೇಳಬೇಕು. ಆ ಮಾತಿಗಾಗಿಯೇ ಅವಳು ಹೊರಟಳು.

ಶನಿವಾರ ಮಧ್ಯಾಹ್ನ ಮೂವರೂ ಹತ್ತಿದರು. ಮುಂದೆ ಕಿನುಯೊ, ಕೈಯಲ್ಲಿ ಹೂರಣದ ಸಿಹಿ, ಹಿಂದೆ ನಗಾತಾನಿ, ಕೊನೆಗೆ ಶಿಮೋಜೊ ಎಂಬ ನಿಗಮದ ತರುಣ, ಮೂರನೇ ಅಂತಸ್ತಿಗೇ ಏದುಸಿರು ಬಿಡುತ್ತ.

"ಅಜ್ಜಿ, ಸ್ವಲ್ಪ ನಿಧಾನ," ಎಂದ.

"ಯಾರೋ ನಿನಗೆ ಅಜ್ಜಿ? ನಿಮ್ಮ ಆಫೀಸಲ್ಲಿ ಲಿಫ್ಟಿದೆ, ಅಲ್ವಾ?"

ಬಾಗಿಲು ತೆರೆದುಕೊಂಡಿತು. ಓಗಿನೊ ಮೇಷ್ಟ್ರು, ಮೊಣಕೈ ತೂತಾದ ಉಣ್ಣೆಯಂಗಿ, ಬಾಚದ ಬಿಳಿಗೂದಲು. ಕಿನುಯೊಳನ್ನೂ ಡಬ್ಬಿಯನ್ನೂ ಹಿಂದಿನವರನ್ನೂ ನೋಡಿದ ಕೂಡಲೇ ಅವರಿಗೆ ಎಲ್ಲ ಅರ್ಥವಾಗಿ ಸರ್ರನೆ ತಲೆ ಬಾಗಿಸಿದರು. ಅದೇ ಹೊತ್ತಿಗೆ ಕಿನುಯೊ ಕೂಡ ರೂಢಿಯಂತೆ ಬಾಗಿದ್ದಳು. ತಲೆಗೆ ತಲೆ ಠಣ್ಣೆಂದಿತು.

"ಅಯ್ಯೋ!"

"ತಪ್ಪಾಯ್ತು, ತಪ್ಪಾಯ್ತು," ಎಂದು ಮೇಷ್ಟ್ರು ಹಣೆ ಹಿಡಿದುಕೊಂಡೇ ನಿಗಮದವನ ಕಡೆ ತಿರುಗಿದರು. "ಈಕೆ ಯಾಕೆ ಕ್ಷಮೆ ಕೇಳ್ಬೇಕು? ಈಕೆ ಬರ್ತಿದ್ರು. ಆ ಚಳಿಗಾಲದಲ್ಲಿ ನಾನು ಉಣ್ಣುತಿದ್ದ ಬಿಸಿ ಅಂದ್ರೆ ಇವರ ಮೂಲಂಗಿ ಒಂದೇ."

ಬೇಕಿದ್ದ ಮಾತು ಬಂದೇಬಿಟ್ಟಿತು.

ಶಿಮೋಜೊನ ಮುಖ ಅರಳಿತು. "ಹಾಗಾದ್ರೆ ಪುಸ್ತಕ ಬರೀ ಕಟ್ಟುಕತೆ! ಬಹಳ ಸಂತೋಷ ಸಾರ್. ಇಲ್ಲಿ ಒಂಟಿತನದ ಸಮಸ್ಯೆಯೇ ಇಲ್ಲ, ನೆರೆಯವರು ಚೆನ್ನಾಗಿ ನೋಡ್ಕೋತಾರೆ ಅಂತ ವರದಿ ಕೊಡ್ತೀನಿ. ಚಿಕಿತ್ಸಾಲಯದ ಆ ಹಳೇ ಅರ್ಜಿಯನ್ನೂ ಮುಗಿಸಿಬಿಡಬಹುದು."

ಕಿನುಯೊ ಮೇಷ್ಟ್ರನ್ನು ನೋಡಿದಳು. ಅವರು ಚಳಿಯಲ್ಲಿ ಅಂಗಿ ಕಳಚಿಸಿಕೊಂಡವರಂತೆ ಕುಗ್ಗಿ ನಿಂತಿದ್ದರು. ಅವಳಿಗೆ ತನ್ನ ಗಂಡ ಸತ್ತ ದಿನ ನೆನಪಾಯಿತು. ಮನೆ ತುಂಬ ಜನ, ಊದುಬತ್ತಿಯ ಹೊಗೆ, ಎಲ್ಲರ ಕೈಯೂ ಅವಳ ಬೆನ್ನ ಮೇಲೆ. ಆದರೂ ಅವಳು ಬಾವಿಯ ತಳದಲ್ಲಿದ್ದಳು, ಒಂದು ದನಿಯೂ ಅಲ್ಲಿಗೆ ಇಳಿದಿರಲಿಲ್ಲ. ಅಂದು ಯಾರಾದರೂ ಕೇಳಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು: ಯಾರೂ ಬಂದಿಲ್ಲ.

"ಏ ತಮ್ಮಾ, ಕಟ್ಟುಕತೆ ಅಂತ ಯಾರು ಹೇಳಿದ್ದು ನಿನಗೆ?" ಎಂದಳು.

"ನೀವು ಬರ್ತಿದ್ರಿ ಅಂತ ಸಾರೇ ಹೇಳಿದ್ರಲ್ಲ..."

"ಬರ್ತಿದ್ದೆ. ಸಾಲ್ತಿರಲಿಲ್ಲ. ಡಾಕ್ಟರನ್ನ ಕಿತ್ಕೊಂಡ್ರಿ, ಬಸ್ಸು ಕಿತ್ಕೊಂಡ್ರಿ, ಮನುಷ್ಯರನ್ನ ಮೆಟ್ಟಿಲ ಮೇಲೆ ಒಣಗೋಕೆ ಬಿಟ್ರಿ. ಅಷ್ಟನ್ನೂ ನನ್ನ ಒಂದು ಪಾತ್ರೆ ಮೂಲಂಗಿ ತುಂಬಿಕೊಡ್ಬೇಕಾ? ಈ ಮನುಷ್ಯ ಬರೆದಿದ್ದು ನಿಜ. ಯಾರೂ ಬಾಗಿಲು ತಟ್ಟಲಿಲ್ಲ. ಮೊದಲು ತಟ್ಟದೆ ಇದ್ದೋರು ನೀವು. ಹಾಗಂತ ಬರ್ಕೋ."

"ಕಿನುಯೊ ಅವರೇ," ಎಂದು ನಗಾತಾನಿ ತೋಳು ಜಗ್ಗಿದ, "ನಿಮ್ಮ ಹೆಸರೇ ಹಾಳಾಗುತ್ತೆ."

"ಹಾಳಾಗ್ಲಿ ಬಿಡಿ. ಅರ್ಜಿ ಮಾತ್ರ ಮುಗಿಸಕೂಡದು."

ಇಬ್ಬರೂ ಇಳಿದುಹೋದರು. ಅವರ ಹೆಜ್ಜೆಯ ಸದ್ದು ಅಡಗಿದ ಮೇಲೆ ಕಿನುಯೊ ಡಬ್ಬಿಯನ್ನು ಮೇಷ್ಟ್ರ ಕೈಗೆ ಬಡಿದಂತೆ ಇಟ್ಟಳು.

"ಕ್ಷಮೆಗಲ್ಲ, ತಿನ್ನೋಕೆ. ಈಗ ಹೇಳಿ. ಬೆಕ್ಕಿಗೆ ಎರಡು ಪುಟ ಕೊಟ್ರಲ್ಲ, ನನ್ನನ್ನ ಯಾಕೆ ಬಿಟ್ರಿ?"

"ಸೇರಿಸಿದ್ದೆ," ಎಂದರು ಮೇಷ್ಟ್ರು, ತಲೆ ಎತ್ತದೆ. "ಆದ್ರೆ ನೀವು ಪಾತ್ರೆ ಹಿಡ್ಕೊಂಡು ಬಂದ ಕೂಡಲೇ ಕಾದಂಬರಿ ಕೆಟ್ಟುಹೋಯ್ತು. ನಾಯಕ ನಕ್ಕುಬಿಟ್ಟ. ಆಮೇಲೆ ಏನು ಮಾಡಿದ್ರೂ ಸಾಯೋಕೇ ಒಪ್ಪಲಿಲ್ಲ. ಪ್ರಕಾಶಕರು ಆ ಹೆಂಗಸನ್ನ ತೆಗೀರಿ ಅಂದ್ರು. ತೆಗೆದೆ. ಹೇಡಿ ನಾನು."

ಕಿನುಯೊ ಬಿದ್ದು ಬಿದ್ದು ನಕ್ಕಳು. ನಗುನಗುತ್ತಲೇ ಕಣ್ಣೊರೆಸಿಕೊಂಡಳು. "ನಾನು ಬಂದ್ರೆ ಸಾಯಲ್ಲ ಅಂದ್ನಾ? ಪಾಪ, ಅವನಿಗಿದ್ದ ಬುದ್ಧಿ ಬರೆದೋರಿಗಿಲ್ಲ."

"ಇನ್ನು ಮೇಲೂ ಬರ್ತೀರಾ?" ಮೇಷ್ಟ್ರ ದನಿ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣದಿತ್ತು.

"ಇಲ್ಲ," ಎಂದಳು ಕಿನುಯೊ. "ನಾನೂ ಒಬ್ಬಳೇ ಇರೋದು ಮೇಷ್ಟ್ರೇ. ಎರಡನೇ ಅಂತಸ್ತು. ನೀವು ಯಾವತ್ತಾದರೂ ನನ್ನ ಬಾಗಿಲು ತಟ್ಟಿದ್ದೀರಾ?"

ಮೇಷ್ಟ್ರು ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ, ಬಗ್ಗಿ, ಬಾಗಿಲ ಬಳಿ ಧೂಳು ಹಿಡಿದಿದ್ದ ಚಪ್ಪಲಿಗೆ ಕಾಲು ತೂರಿಸತೊಡಗಿದರು.

"ಈಗಲೇ?"

"ಮತ್ತೆ ಯಾವಾಗ? ನಾಳೆ ಅಂದ್ರೆ ಇದನ್ನೂ ಬರೀತಾ ಕೂತ್ಬಿಡ್ತೀನಿ."

"ಕಂಬಿ ಹಿಡ್ಕೊಳ್ಳಿ. ಬಿದ್ರೆ ನನ್ನ ಕೈಲಿ ಎತ್ತೋಕಾಗಲ್ಲ."

ಅವರು ಒಂದೊಂದೇ ಮೆಟ್ಟಿಲು ಇಳಿದರು, ಪ್ರತಿ ತಿರುವಿನಲ್ಲೂ ನಿಂತು, ಒಬ್ಬರ ಮಂಡಿಯನ್ನು ಇನ್ನೊಬ್ಬರು ಬೈಯುತ್ತ.